ಸಿಕ್ಸ್ತ್ ಫಾರ್ಮ್‌ಗೆ ಮುಂಚಿನ ಬೇಸಿಗೆ: ತಪ್ಪುಗಳು ಕಾಣುವ ಹಾಗೆ ಹೋಮ್‌ವರ್ಕ್ ಮಾಡುವುದು

ಇಂಗ್ಲೆಂಡಿನಲ್ಲಿ ಹದಿನಾರರ ಆಸುಪಾಸಿನ ಮಕ್ಕಳು ಬರೆಯುವ ಜಿಸಿಎಸ್‌ಇ ಪರೀಕ್ಷೆಗಳು ಜೂನ್ ಮೂರನೇ ವಾರದ ಹೊತ್ತಿಗೆ ಮುಗಿಯುತ್ತವೆ. ಅದಾದ ಮೇಲೆ ಎರಡು ವರ್ಷ ಎ-ಲೆವೆಲ್ ಓದುವ ಸಿಕ್ಸ್ತ್ ಫಾರ್ಮಿನ ಪಾಠ ಶುರುವಾಗುವುದು ಸೆಪ್ಟೆಂಬರ್ ಮೊದಲ ವಾರದಲ್ಲಿ. ನಡುವೆ ಹತ್ತು ಹನ್ನೊಂದು ವಾರ ಖಾಲಿ. ಜುಲೈ ಆರಂಭದಲ್ಲಿ ಒಂದೆರಡು ದಿನ ಇಂಡಕ್ಷನ್ ಅಂತ ಕರೆಸಿ, ಕ್ಲಾಸ್‌ರೂಮ್ ತೋರಿಸಿ, ಆಯ್ದುಕೊಂಡ ಮೂರು ವಿಷಯಗಳಿಗೂ ಒಂದೊಂದು ಪಿಡಿಎಫ್ ಕೊಟ್ಟು ಕಳಿಸುತ್ತಾರೆ. ಒಂದು ಸ್ಕೂಲು ಅದನ್ನು ಬ್ರಿಡ್ಜಿಂಗ್ ವರ್ಕ್ ಅನ್ನುತ್ತದೆ, ಇನ್ನೊಂದು ಟ್ರಾನ್ಸಿಷನ್ ಟಾಸ್ಕ್ ಅನ್ನುತ್ತದೆ. ಮಕ್ಕಳ ಬಾಯಲ್ಲಿ ಬರೀ ಸಮ್ಮರ್ ವರ್ಕ್. ನಾಲ್ಕು ಪುಟದ್ದೂ ಇರುತ್ತದೆ, ನಲವತ್ತು ಪುಟದ್ದೂ ಇರುತ್ತದೆ. ಕೊನೆಯ ಸಾಲು ಮಾತ್ರ ಎಲ್ಲದರಲ್ಲೂ ಒಂದೇ: ಮೊದಲ ಪಾಠಕ್ಕೆ ಬರುವಾಗ ತನ್ನಿ.

ಇಲ್ಲಿ ನೆಲೆಸಿರುವ ಕನ್ನಡದ ಮನೆಗಳಲ್ಲಿ ಈ ಪಿಡಿಎಫ್‌ಗೆ ಸಾಮಾನ್ಯವಾಗಿ ಎರಡು ಗತಿ. ಎಸ್‌ಎಸ್‌ಎಲ್‌ಸಿ ಮುಗಿಸಿ ಪಿಯುಸಿಗೆ ಸೇರುವ ನಡುವೆ ಯಾರೂ ಹೋಮ್‌ವರ್ಕ್ ಕೊಡದ ಕಾಲದಲ್ಲಿ ಓದಿದ ಅಪ್ಪ ಅಮ್ಮ, ಇದೇನು ಅಂಕ ಇಲ್ಲದ ಕೆಲಸ ಎಂದು ಅದನ್ನು ಮಕ್ಕಳಿಗೇ ಬಿಟ್ಟುಬಿಡುತ್ತಾರೆ. ಬೆಂಗಳೂರಿನ ಇಂಟಿಗ್ರೇಟೆಡ್ ಪಿಯು ಕಾಲೇಜುಗಳ ಬ್ರಿಡ್ಜ್ ಕೋರ್ಸ್ ನೋಡಿದವರು ಇದನ್ನೂ ಅದೇ ಜಾತಿಗೆ ಸೇರಿಸಿ, ಟ್ಯೂಷನ್ ಹಾಕಿಸಿ, ಇಯರ್ 12ರ, ಅಂದರೆ ಸಿಕ್ಸ್ತ್ ಫಾರ್ಮಿನ ಮೊದಲ ವರ್ಷದ, ಪಠ್ಯಪುಸ್ತಕವನ್ನು ಆಗಸ್ಟಿಗೇ ಮುಗಿಸಲು ಹೊರಡುತ್ತಾರೆ. ಎರಡರಲ್ಲೂ ಕೆಲಸದ ಉದ್ದೇಶ ತಪ್ಪಿಹೋಗುತ್ತದೆ. ಈ ಹಾಳೆಗಳಲ್ಲಿ ಹೊಸ ಪಾಠ ಇರುವುದು ಕಡಿಮೆ. ಜಿಸಿಎಸ್‌ಇಯಲ್ಲಿ ಕಲಿತದ್ದರಲ್ಲಿ ಎ-ಲೆವೆಲ್ ದಿನಾಲೂ ಬಳಸುವಂಥದ್ದನ್ನು ಮಾತ್ರ ಹೆಕ್ಕಿ, ಅದು ಕೈಗೆ ಬರುತ್ತದೋ ಇಲ್ಲವೋ ಎಂದು ನೋಡುವ ಹಾಳೆಗಳಿವು. ಎಲ್ಲಿ ಬರುವುದಿಲ್ಲ ಎಂಬುದು ಮೊದಲು ಮಗುವಿಗೆ, ಆಮೇಲೆ ಮೇಷ್ಟರಿಗೆ ಗೊತ್ತಾಗಬೇಕು. ಆದ್ದರಿಂದ ಒಂದೂ ತಪ್ಪಿಲ್ಲದ ಅಚ್ಚುಕಟ್ಟಾದ ಪ್ರತಿಗಿಂತ ತಪ್ಪು ಕಾಣುವ, ಅದನ್ನು ತಿದ್ದಿರುವ ಪ್ರತಿಗೇ ಬೆಲೆ ಜಾಸ್ತಿ.

ಸೆಪ್ಟೆಂಬರಿನಲ್ಲಿ ಏನಾಗುತ್ತದೆ ನೋಡಿ. ಮೊದಲ ಎರಡು ಮೂರು ವಾರದೊಳಗೆ ಹೆಚ್ಚಿನ ಕಡೆ ಒಂದು ಬೇಸ್‌ಲೈನ್ ಟೆಸ್ಟ್ ಇಡುತ್ತಾರೆ. ಪ್ರಶ್ನೆಗಳು ಬಹುಪಾಲು ಸಮ್ಮರ್ ವರ್ಕಿನ ಜಾಡಿನಲ್ಲೇ ಇರುತ್ತವೆ. ಉತ್ತರಗಳು ಪಿಡಿಎಫ್ ಕೊನೆಯಲ್ಲೇ ಇರುವುದರಿಂದ, ಇಲ್ಲವೇ ವಾಟ್ಸ್ಯಾಪ್ ಗುಂಪಿನಲ್ಲಿ ಯಾರಾದರೂ ಫೋಟೊ ಹಾಕಿರುವುದರಿಂದ, ಈಗಂತೂ ಚಾಟ್‌ಜಿಪಿಟಿ ಇರುವುದರಿಂದ, ಮಕ್ಕೀಕಾಮಕ್ಕಿ ಇಳಿಸಿಕೊಂಡು ಹೋಗುವುದು ಅರ್ಧ ಗಂಟೆಯ ಕೆಲಸ. ಹಾಗೆ ಹೋದವರ ಹೋಮ್‌ವರ್ಕಿಗೆ ನೂರು, ಟೆಸ್ಟಿಗೆ ನಲವತ್ತು ಬಂದಾಗ ಮೇಷ್ಟರಿಗೆ ಪತ್ತೇದಾರಿಕೆಯ ಅಗತ್ಯ ಇರುವುದಿಲ್ಲ. ಬೈಗುಳ ಹೋಗಲಿ, ಅದಕ್ಕಿಂತ ದೊಡ್ಡ ನಷ್ಟ ಬೇರೆ. ಯಾವ ಅಧ್ಯಾಯಕ್ಕೆ ಸಹಾಯ ಬೇಕು ಎಂಬ ಮಾಹಿತಿ ಆಗಸ್ಟಿನಲ್ಲಿ ಸಿಗಬೇಕಿತ್ತು. ಅದು ಸೆಪ್ಟೆಂಬರ್ ಕೊನೆಯಲ್ಲಿ, ಹೊಸ ಪಾಠಗಳು ತಲೆಯ ಮೇಲೆ ಬೀಳುತ್ತಿರುವಾಗ ಸಿಗುತ್ತದೆ.

ಹಾಗಾಗಿ ಮಾಡುವ ಕ್ರಮ ಹೀಗಿರಲಿ. ಹಾಳೆಗಳನ್ನು ಪ್ರಿಂಟ್ ತೆಗೆಯಿರಿ, ಉತ್ತರದ ಪುಟಗಳನ್ನು ಬೇರೆ ಮಾಡಿ ಇನ್ನೊಂದು ಕೋಣೆಯಲ್ಲಿಡಿ. ಕಪ್ಪು ಪೆನ್ನಿನಲ್ಲಿ ಬಿಡಿಸುವುದು, ಒಂದು ಭಾಗ ಮುಗಿದ ಮೇಲೆ ಹಸಿರು ಪೆನ್ನಿನಲ್ಲಿ ತಾನೇ ತಿದ್ದಿಕೊಳ್ಳುವುದು. ಇಲ್ಲಿನ ಸ್ಕೂಲುಗಳಲ್ಲಿ ಮಕ್ಕಳಿಗೆ ಈ ರೂಢಿ ಹೇಗೂ ಇದೆ. ತಪ್ಪಾದದ್ದನ್ನು ಅಳಿಸಬಾರದು, ವೈಟ್‌ನರ್ ಮುಟ್ಟಬಾರದು. ತಪ್ಪಿನ ಪಕ್ಕ ಯಾಕೆ ತಪ್ಪಾಯಿತು ಎಂದು ಒಂದು ಸಾಲು ಬರೆಯಬೇಕು. ‘ಕೇರ್‌ಲೆಸ್ ಮಿಸ್ಟೇಕ್’ ಎಂದು ಬರೆದರೆ ಅದು ಕಾರಣವಲ್ಲ. ‘ಮೈನಸ್ ಚಿಹ್ನೆ ಆವರಣದ ಎರಡನೇ ಪದಕ್ಕೆ ಹಂಚಲಿಲ್ಲ’ ಎಂದರೆ ಕಾರಣ.

ಯಾವಾಗ ಮಾಡುವುದು ಎಂಬುದಕ್ಕೆ ಬರೋಣ. ಪರೀಕ್ಷೆ ಮುಗಿದ ಮೊದಲ ಎರಡು ಮೂರು ವಾರ ಪುಸ್ತಕ ಮುಟ್ಟದಿದ್ದರೂ ನಡೆಯುತ್ತದೆ. ಮುಟ್ಟಬಾರದು ಎಂದೇ ನಮ್ಮ ಅಭಿಪ್ರಾಯ. ಇಪ್ಪತ್ತರ ಆಸುಪಾಸು ಪೇಪರ್ ಬರೆದ ಮಗುವಿನ ತಲೆಗೆ ಅಷ್ಟು ಬಿಡುವು ಬೇಕು. ಆಮೇಲೆ ಜುಲೈ ನಡುವಿನಿಂದ ವಾರಕ್ಕೆ ನಾಲ್ಕು ದಿನ, ದಿನಕ್ಕೆ ಮೂವತ್ತು ನಲವತ್ತು ನಿಮಿಷ ಗಣಿತ. ಉಳಿದ ಎರಡು ವಿಷಯಕ್ಕೆ ವಾರದಲ್ಲಿ ಒಂದೊಂದು ಮಧ್ಯಾಹ್ನ. ಗಣಿತ ತೆಗೆದುಕೊಳ್ಳದವರು ಇನ್ನೂ ಕಡಿಮೆಯಲ್ಲಿ ಮುಗಿಸಬಹುದು. ಜೂನ್ ಕೊನೆಯಲ್ಲೇ ಒಂದೇ ಉಸಿರಿಗೆ ಮುಗಿಸಿ ಎತ್ತಿಟ್ಟರೆ ಸೆಪ್ಟೆಂಬರ್ ಹೊತ್ತಿಗೆ ಕೈ ಮತ್ತೆ ಕೆಟ್ಟಿರುತ್ತದೆ. ಆಗಸ್ಟ್ 30ಕ್ಕೆ ಕೂತರೆ ತಪ್ಪನ್ನು ತಿದ್ದಿಕೊಳ್ಳಲು ಸಮಯವೇ ಉಳಿದಿರುವುದಿಲ್ಲ.

ಗಣಿತವನ್ನು ಮೊದಲು ಹೇಳಲು ಕಾರಣ ಇದೆ. ಎ-ಲೆವೆಲ್ ಗಣಿತ ಮಾತ್ರವಲ್ಲ, ಫಿಸಿಕ್ಸ್ ಪ್ರಶ್ನೆಪತ್ರಿಕೆಗಳಲ್ಲಿ ಕನಿಷ್ಠ ಶೇ. 40, ಕೆಮಿಸ್ಟ್ರಿಯಲ್ಲಿ ಶೇ. 20, ಬಯಾಲಜಿಯಲ್ಲಿ ಶೇ. 10ರಷ್ಟು ಅಂಕಗಳು ಗಣಿತದ ಕೌಶಲಕ್ಕೇ ಮೀಸಲು. ಜೊತೆಗೆ ಈಚಿನ ವರ್ಷಗಳಲ್ಲಿ ಜಿಸಿಎಸ್‌ಇ ಗಣಿತ ಪರೀಕ್ಷೆಯಲ್ಲಿ ಸೂತ್ರಗಳ ಹಾಳೆ ಕೊಡುತ್ತಾರೆ. ವರ್ಗ ಸಮೀಕರಣದ ಸೂತ್ರ, ಸೈನ್ ರೂಲ್, ಕೊಸೈನ್ ರೂಲ್ ಎಲ್ಲ ಅದರಲ್ಲಿದ್ದವು, ನೋಡಿಕೊಂಡು ಬರೆದು ಗ್ರೇಡ್ 8 (ಎಲ್ಲಕ್ಕಿಂತ ಮೇಲಿನದು 9) ತೆಗೆದವರಿದ್ದಾರೆ. ಎ-ಲೆವೆಲ್ ಫಾರ್ಮುಲಾ ಬುಕ್ಲೆಟ್‌ನಲ್ಲಿ ಇವು ಮೂರೂ ಇಲ್ಲ, ಬಾಯಿಗೆ ಬರಬೇಕು. ರಜೆಯಲ್ಲಿ ಉರು ಹೊಡೆಯಲು ಏನಾದರೂ ಇದ್ದರೆ ಮೊದಲು ಇವೇ.

ಇನ್ನು ಬೀಜಗಣಿತ. ಎಲ್ಲಿ ಎಡವುತ್ತಾರೆ ಎಂಬುದು ವರ್ಷ ವರ್ಷಕ್ಕೂ ಬದಲಾಗುವುದಿಲ್ಲ. 2ಎಕ್ಸ್² − 12ಎಕ್ಸ್ + 7 ಎಂಬುದನ್ನು ವರ್ಗ ಪೂರ್ಣಗೊಳಿಸಿ ಬರೆಯಬೇಕು ಎನ್ನಿ. ಮೊದಲೆರಡು ಪದಗಳಿಂದ 2 ಹೊರಗೆ ತೆಗೆದರೆ ಒಳಗೆ ಎಕ್ಸ್² − 6ಎಕ್ಸ್ ಉಳಿಯುತ್ತದೆ. ಅದು (ಎಕ್ಸ್ − 3)² − 9. ಇಲ್ಲಿವರೆಗೆ ಎಲ್ಲರೂ ಬರುತ್ತಾರೆ. ಆ −9 ಇನ್ನೂ ಆವರಣದ ಒಳಗಿದೆ, ಹೊರಗೆ ಬರುವಾಗ 2ರಿಂದ ಗುಣಿಸಿಕೊಂಡು −18 ಆಗಿ ಬರಬೇಕು. ಅದನ್ನು −9 ಆಗಿಯೇ ಹೊರಗೆ ಬಿಟ್ಟವರಿಗೆ 2(ಎಕ್ಸ್ − 3)² − 2 ಸಿಗುತ್ತದೆ, ಸರಿಯುತ್ತರ 2(ಎಕ್ಸ್ − 3)² − 11. ತಪ್ಪನ್ನು ಹಿಡಿಯಲು ಉತ್ತರದ ಪುಟ ಬೇಕಿಲ್ಲ. ಎಕ್ಸ್ ಜಾಗದಲ್ಲಿ ಸೊನ್ನೆ ಹಾಕಿ. ಮೂಲದಲ್ಲಿ 7 ಬರುತ್ತದೆ. ಸರಿಯುತ್ತರದಲ್ಲಿ 18 − 11, ಅದೂ 7. ತಪ್ಪುತ್ತರದಲ್ಲಿ 16. ಹತ್ತು ಸೆಕೆಂಡಿನ ಕೆಲಸ ಇದು, ಆದರೆ ಮಾಡುವವರು ಬೆರಳೆಣಿಕೆ. ಇಯರ್ 12ರಲ್ಲಿ ವೃತ್ತದ ಕೇಂದ್ರ ಕಂಡುಹಿಡಿಯುವಾಗ ಇದೇ ಹೆಜ್ಜೆ ಮತ್ತೆ ಬರುತ್ತದೆ. ಇಲ್ಲಿ ಎಡವಿದವರು ಅಲ್ಲಿ ವೃತ್ತದ ಪಾಠವೇ ಕಷ್ಟ ಅಂದುಕೊಳ್ಳುತ್ತಾರೆ.

ಘಾತಾಂಕ ಇನ್ನೊಂದು. 16ರ ಮೇಲೆ −3/4 ಘಾತ ಇದ್ದರೆ ಬೆಲೆ ಎಷ್ಟು ಎಂದು ಕೇಳಿದರೆ −12 ಎಂದು ಬರೆಯುವವರು ಪ್ರತಿ ತರಗತಿಯಲ್ಲೂ ಸಿಗುತ್ತಾರೆ, ಘಾತವನ್ನು ಗುಣಾಕಾರ ಮಾಡಿಬಿಟ್ಟಿರುತ್ತಾರೆ. ನಾಲ್ಕನೇ ಮೂಲ 2, ಅದರ ಘನ 8, ಮೈನಸ್ ಇರುವುದರಿಂದ ತಲೆಕೆಳಗು, ಉತ್ತರ 1/8. ಮೂರು ಹೆಜ್ಜೆಯನ್ನೂ ಬಿಡಿಸಿ ಬರೆಯುವುದು ರೂಢಿಯಾಗಬೇಕು. ಡಿಫರೆನ್ಸಿಯೇಷನ್ ಶುರುವಾದಾಗ ವರ್ಗಮೂಲಗಳನ್ನೂ ಭಿನ್ನರಾಶಿಗಳನ್ನೂ ಘಾತದ ರೂಪಕ್ಕೆ ತಂದುಕೊಂಡೇ ಮುಂದೆ ಹೋಗಬೇಕು. ಡಿಫರೆನ್ಸಿಯೇಷನ್ ಅರ್ಥವಾಗಲಿಲ್ಲ ಎನ್ನುವವರಲ್ಲಿ ಎಷ್ಟೋ ಜನರಿಗೆ ಅದು ಅರ್ಥವಾಗಿರುತ್ತದೆ, ಘಾತ ಗೊತ್ತಿರುವುದಿಲ್ಲ ಅಷ್ಟೆ. ಸರ್ಡ್ಸ್, ಅಂದರೆ ಮೂಲಚಿಹ್ನೆಯಲ್ಲೇ ಉಳಿಯುವ ಸಂಖ್ಯೆಗಳು ಕೂಡ ಹಾಗೆಯೇ. 6 ಭಾಗಿಸು (3 − √3) ಎಂಬಲ್ಲಿ ಮೇಲೂ ಕೆಳಗೂ √3ರಿಂದ ಗುಣಿಸಿದರೆ ಛೇದದ ಮೂಲಚಿಹ್ನೆ ಹೋಗುವುದಿಲ್ಲ. (3 + √3)ರಿಂದ ಗುಣಿಸಿದರೆ ಛೇದ 9 − 3, ಅಂದರೆ 6, ಉತ್ತರ 3 + √3.

ಭಿನ್ನರಾಶಿಗಳನ್ನು ಹೊಡೆದುಹಾಕುವ ಚಟದ ಬಗ್ಗೆ ಒಂದು ಮಾತು. ಮೇಲೆ ಎಕ್ಸ್² − 9, ಕೆಳಗೆ ಎಕ್ಸ್² − 3ಎಕ್ಸ್ ಇದ್ದರೆ ಎರಡೂ ಕಡೆಯ ಎಕ್ಸ್² ಹೊಡೆದು 3/ಎಕ್ಸ್ ಎಂದು ಬರೆಯುವುದು. ಕೂಡಿಸಿದ ಪದಗಳನ್ನು ಹಾಗೆ ಹೊಡೆಯುವಂತಿಲ್ಲ, ಅಪವರ್ತಿಸಿದ ಮೇಲೆ ಸಮಾನವಾದ ಅಪವರ್ತನವನ್ನು ಮಾತ್ರ ಹೊಡೆಯಬಹುದು. ಮೇಲೆ (ಎಕ್ಸ್ − 3)(ಎಕ್ಸ್ + 3), ಕೆಳಗೆ ಎಕ್ಸ್(ಎಕ್ಸ್ − 3), ಉಳಿಯುವುದು (ಎಕ್ಸ್ + 3)/ಎಕ್ಸ್. ಇಲ್ಲೂ ಎಕ್ಸ್‌ಗೆ 1 ಹಾಕಿ ನೋಡಿ: ಮೂಲದಲ್ಲಿ −8 ಭಾಗಿಸು −2, ಅಂದರೆ 4. ಸರಿಯುತ್ತರವೂ 4. ಹೊಡೆದವರದ್ದು 3.

ಗಣಿತದಲ್ಲಿ ಇಂಥ ಒಂದೊಂದು ಬಗೆಗೂ ಹತ್ತು ಲೆಕ್ಕ ಸಾಕು. ಎಂಟು ಸರಿಯಾದರೆ ಮುಂದಿನದಕ್ಕೆ ಹೋಗಲಿ. ಇಲ್ಲದಿದ್ದರೆ ಇನ್ನೂ ಹತ್ತು, ಎರಡು ದಿನ ಬಿಟ್ಟು ಮತ್ತೆ ಐದು. ಆ ಎರಡು ದಿನದ ಅಂತರ ಮುಖ್ಯ. ಒಂದೇ ಸಲ ಕೂತು ನಲವತ್ತು ಲೆಕ್ಕ ಮಾಡಿದರೆ ಕೊನೆಯ ಮೂವತ್ತನ್ನು ಕೈ ತಾನಾಗಿ ಬರೆಯುತ್ತಿರುತ್ತದೆ.

ಕ್ಯಾಲ್ಕ್ಯುಲೇಟರ್ ಈ ಬೇಸಿಗೆಯಲ್ಲೇ ಕೊಳ್ಳುವುದು ಒಳ್ಳೆಯದು. ಜಿಸಿಎಸ್‌ಇಗೆ ಬಳಸಿದ ಕ್ಯಾಸಿಯೊ ಎಫ್‌ಎಕ್ಸ್-83 ಎ-ಲೆವೆಲ್ ಗಣಿತಕ್ಕೆ ಸಾಲದು. ಬೈನಾಮಿಯಲ್ ಮತ್ತು ನಾರ್ಮಲ್ ಡಿಸ್ಟ್ರಿಬ್ಯೂಷನ್‌ಗಳ ಸಂಭವನೀಯತೆ ನೇರವಾಗಿ ಕೊಡುವಂಥದ್ದು ಬೇಕು, ಎಫ್‌ಎಕ್ಸ್-991ಸಿಡಬ್ಲ್ಯೂ ಅದನ್ನು ಮಾಡುತ್ತದೆ. ಅಪ್ಪ ಎಂಜಿನಿಯರಿಂಗಿನಲ್ಲಿ ಬಳಸಿದ ಎಫ್‌ಎಕ್ಸ್-991ಎಂಎಸ್ ಇನ್ನೂ ಚೆನ್ನಾಗಿ ಓಡುತ್ತಿದ್ದರೂ ಅದರಲ್ಲಿ ಬೈನಾಮಿಯಲ್ ಡಿಸ್ಟ್ರಿಬ್ಯೂಷನ್ ಇಲ್ಲ. ಹೆಸರಿನಲ್ಲಿ 991 ಇದ್ದ ಮಾತ್ರಕ್ಕೆ ಅದೇ ಅಲ್ಲ. ಗ್ರಾಫಿಕ್ ಕ್ಯಾಲ್ಕ್ಯುಲೇಟರ್ ದುಬಾರಿ, ಫರ್ದರ್ ಮ್ಯಾಥ್ಸ್ ತೆಗೆದುಕೊಳ್ಳುವವರು ಸ್ಕೂಲಿನಲ್ಲಿ ಕೇಳಿದ ಮೇಲೆ ಕೊಂಡರಾಯಿತು.

ಇನ್ನು ಮನೆಯಲ್ಲೇ ಪಾಠ ಹೇಳುವ ಅಪ್ಪ ಅಮ್ಮಂದಿರಿಗೆ. ಪಿಯುಸಿಯಲ್ಲಿ ಕಲಿತದ್ದು ಖಂಡಿತ ಉಪಯೋಗಕ್ಕೆ ಬರುತ್ತದೆ. ಪ್ರಥಮ ಪಿಯುಸಿಗೆ ಬಳಸುವ ಎನ್‌ಸಿಇಆರ್‌ಟಿ ಪುಸ್ತಕಗಳು ಆನ್‌ಲೈನಿನಲ್ಲಿ ಉಚಿತವಾಗಿ ಸಿಗುತ್ತವೆ, ಕೆಮಿಸ್ಟ್ರಿಯ ಮೊದಲ ಅಧ್ಯಾಯದ ಮೋಲ್ ಲೆಕ್ಕಗಳು, ಫಿಸಿಕ್ಸಿನ ಸರಳರೇಖೆಯ ಚಲನೆ ಎರಡೂ ಇಲ್ಲಿನ ಇಯರ್ 12ಕ್ಕೆ ಹೊಂದುತ್ತವೆ. ವ್ಯತ್ಯಾಸ ಇರುವುದು ಬರವಣಿಗೆಯಲ್ಲಿ. ಅಲ್ಲಿ ಕ್ಯಾಲ್ಕ್ಯುಲೇಟರ್ ಇಲ್ಲದೆ, ಕ್ಲಾರ್ಕ್ಸ್ ಟೇಬಲ್ ನೋಡಿಕೊಂಡು, ಸಿಇಟಿಗೆಂದು ಹೆಜ್ಜೆ ಹಾರಿಸಿ ಉತ್ತರಕ್ಕೆ ಬರುವುದನ್ನು ಕಲಿತಿದ್ದೇವೆ. ಇಲ್ಲಿ ಪ್ರತಿ ಹೆಜ್ಜೆಗೂ ಮೆಥಡ್ ಮಾರ್ಕ್. ಬರೀ ಕ್ಯಾಲ್ಕ್ಯುಲೇಟರ್ ನೆಚ್ಚಿಕೊಂಡ ಉತ್ತರ ಒಪ್ಪುವುದಿಲ್ಲ ಎಂದು ಕೆಲವು ಪ್ರಶ್ನೆಗಳ ಮೇಲೇ ಅಚ್ಚಾಗಿರುತ್ತದೆ. ಶಾರ್ಟ್‌ಕಟ್ ಹೇಳಿಕೊಟ್ಟರೆ ಮಗು ನಿಮ್ಮ ಜಾಣತನವನ್ನು ಮೆಚ್ಚಬಹುದು, ಅಂಕ ಮಾತ್ರ ಹೋಗುತ್ತದೆ. ಪಕ್ಕದಲ್ಲಿ ಕೂತು ‘ಈ ಸಾಲಿನಿಂದ ಆ ಸಾಲಿಗೆ ಹೇಗೆ ಬಂದೆ ಪುಟ್ಟಾ?’ ಎಂದು ಕೇಳಿದರೆ ಅದೇ ದೊಡ್ಡ ಸಹಾಯ.

ಫಿಸಿಕ್ಸಿನ ಹಾಳೆಗಳಲ್ಲಿ ಯೂನಿಟ್ಟು ಮತ್ತು ಚಿಹ್ನೆ, ಇವೆರಡೇ ಮುಳ್ಳು. 0.38 ಮಿಲಿಮೀಟರ್ ವ್ಯಾಸದ ತಂತಿಯ ಅಡ್ಡಕೊಯ್ತದ ವಿಸ್ತೀರ್ಣ ಕೇಳುತ್ತಾರೆ. ವ್ಯಾಸವನ್ನೇ ತ್ರಿಜ್ಯ ಅಂದುಕೊಂಡರೆ ಉತ್ತರ ನಾಲ್ಕು ಪಟ್ಟು ಆಗುತ್ತದೆ. ಚದರ ಮಿಲಿಮೀಟರಿನಿಂದ ಚದರ ಮೀಟರಿಗೆ ಬರುವಾಗ ಸಾವಿರದಿಂದ ಭಾಗಿಸಿದರೆ ಸಾವಿರ ಪಟ್ಟು ತಪ್ಪು, ಭಾಗಿಸಬೇಕಾದದ್ದು ಹತ್ತು ಲಕ್ಷದಿಂದ. ಇದರಿಂದ ಪಾರಾಗುವ ಉಪಾಯ ಒಂದೇ: ಸೂತ್ರಕ್ಕೆ ಕೈ ಹಾಕುವ ಮೊದಲೇ ತ್ರಿಜ್ಯವನ್ನು ಮೀಟರಿಗೆ ತಂದುಕೊಳ್ಳುವುದು. 0.19 ಮಿಲಿಮೀಟರ್ ಅಂದರೆ 1.9 × 10⁻⁴ ಮೀಟರ್, ವಿಸ್ತೀರ್ಣ ಸುಮಾರು 1.13 × 10⁻⁷ ಚದರ ಮೀಟರ್. ಮಿಲಿ, ಮೈಕ್ರೊ, ನ್ಯಾನೊ, ಪಿಕೊ. ಕಿಲೊ, ಮೆಗಾ, ಗಿಗಾ, ಟೆರಾ: ಹತ್ತರ ಘಾತಗಳ ಸಮೇತ ಇವು ನಿದ್ದೆಗಣ್ಣಲ್ಲೂ ಬರಬೇಕು.

ಚಿಹ್ನೆಯ ಕಥೆ ಇನ್ನೂ ಸೂಕ್ಷ್ಮ. ನೆಲದಿಂದ 1.5 ಮೀಟರ್ ಎತ್ತರದಿಂದ ಚೆಂಡನ್ನು ಸೆಕೆಂಡಿಗೆ 12 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೆದರೆ ನೆಲ ಮುಟ್ಟಲು ಎಷ್ಟು ಹೊತ್ತು? ಇಲ್ಲಿ ಸುವಾಟ್ ಎಂದು ಕರೆಯುವ ಚಲನೆಯ ಸಮೀಕರಣಗಳಲ್ಲಿ ಒಂದನ್ನು ಬಳಸಿದರಾಯಿತು. ಮೇಲ್ಮುಖವನ್ನು ಧನ ಎಂದು ಇಟ್ಟುಕೊಂಡರೆ ಸ್ಥಾನಾಂತರ −1.5, ವೇಗ +12, ವೇಗೋತ್ಕರ್ಷ −9.81. ಉತ್ತರ 2.57 ಸೆಕೆಂಡ್. ಸ್ಥಾನಾಂತರವನ್ನು +1.5 ಎಂದು ಹಾಕಿದವರಿಗೆ 2.31 ಬರುತ್ತದೆ, ನೋಡಲು ಏನೂ ಅನುಮಾನ ಬರದಂಥ ಸಂಖ್ಯೆ. ಆದರೆ ಚೆಂಡು ಎಸೆದ ಎತ್ತರಕ್ಕೇ ಮರಳಲು 24 ಭಾಗಿಸು 9.81, ಅಂದರೆ 2.45 ಸೆಕೆಂಡ್ ಬೇಕು. ಕೈಯ ಮಟ್ಟಕ್ಕೆ ಬರುವ ಮೊದಲೇ ನೆಲ ಮುಟ್ಟಿತೇ? ಈ ಪ್ರಶ್ನೆ ಕೇಳಿಕೊಳ್ಳುವ ಅಭ್ಯಾಸವನ್ನು ರಜೆಯಲ್ಲಿ ಹತ್ತಿಸಿಕೊಂಡವರಿಗೆ ಅರ್ಧ ಮೆಕ್ಯಾನಿಕ್ಸ್ ಒಲಿದ ಹಾಗೆ. ಪ್ರತಿ ಲೆಕ್ಕಕ್ಕೂ ಮೊದಲು ಒಂದು ಚಿತ್ರ, ಚಿತ್ರದ ಪಕ್ಕ ಯಾವ ದಿಕ್ಕು ಧನ ಎಂದು ಒಂದು ಬಾಣ. ಇನ್ನೊಂದು ಸಣ್ಣ ವಿಚಾರ: ಗುರುತ್ವದ ಬೆಲೆ ಫಿಸಿಕ್ಸಿನಲ್ಲಿ 9.81, ಗಣಿತದ ಮೆಕ್ಯಾನಿಕ್ಸಿನಲ್ಲಿ ಸಾಮಾನ್ಯವಾಗಿ 9.8. ಎರಡೂ ವಿಷಯ ತೆಗೆದುಕೊಂಡವರು ಪ್ರಶ್ನೆಪತ್ರಿಕೆ ಯಾವುದನ್ನು ಕೊಟ್ಟಿದೆ ಎಂದು ನೋಡಿಯೇ ಹಾಕಬೇಕು.

ಕೆಮಿಸ್ಟ್ರಿಯಲ್ಲಿ ಮೊದಲು ಅಯಾನುಗಳು. ಪರೀಕ್ಷೆಯಲ್ಲಿ ಪೀರಿಯಾಡಿಕ್ ಟೇಬಲ್ ಕೊಡುತ್ತಾರೆ, ಆದರೆ ನೈಟ್ರೇಟ್, ಹೈಡ್ರಾಕ್ಸೈಡ್, ಕಾರ್ಬೊನೇಟ್, ಸಲ್ಫೇಟ್, ಫಾಸ್ಫೇಟ್, ಅಮೋನಿಯಂ ಇವುಗಳ ಸೂತ್ರವೂ ಆವೇಶವೂ ಅದರಲ್ಲಿರುವುದಿಲ್ಲ. ಚಿಕ್ಕ ಕಾರ್ಡುಗಳಲ್ಲಿ ಬರೆದು ದಿನಕ್ಕೆ ಐದು ನಿಮಿಷ ಕೇಳಿದರೆ ಒಂದು ವಾರದಲ್ಲಿ ಬಂದುಬಿಡುತ್ತವೆ. ಆಮೇಲೆ ಜೋಡಿಸುವ ಆಟ: ಅಲ್ಯೂಮಿನಿಯಂ 3+, ಸಲ್ಫೇಟ್ 2−, ಹಾಗಾದರೆ ಎರಡಕ್ಕೆ ಮೂರು. ಎಲೆಕ್ಟ್ರಾನ್ ವಿನ್ಯಾಸದ 2, 8, 8 ಈಗ ಎಸ್, ಪಿ, ಡಿ ಉಪಕವಚಗಳಾಗಿ ಒಡೆಯುತ್ತದೆ. 3ಡಿಗಿಂತ 4ಎಸ್ ಮೊದಲು ತುಂಬುತ್ತದೆ, ಅಯಾನು ಆಗುವಾಗ ಮೊದಲು ಖಾಲಿಯಾಗುವುದೂ ಅದೇ. ಕ್ರೋಮಿಯಂ, ಕಾಪರ್ ಎರಡೂ ಈ ಕ್ರಮ ಮುರಿಯುತ್ತವೆ. ಇಷ್ಟನ್ನು ಓದಿಟ್ಟುಕೊಂಡರೆ ಸಾಕು, ಯಾಕೆ ಎಂಬುದನ್ನು ತರಗತಿಯಲ್ಲಿ ಹೇಳುತ್ತಾರೆ.

ಟೈಟ್ರೇಷನ್ ಲೆಕ್ಕದಲ್ಲಿ ಒಂದು ಅಡಗಿದ ತಪ್ಪಿದೆ. 25.0 ಘನ ಸೆಂಟಿಮೀಟರ್ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣಕ್ಕೆ, ಘನ ಡೆಸಿಮೀಟರಿಗೆ 0.100 ಮೋಲ್ ಇರುವ ಸಲ್ಫ್ಯೂರಿಕ್ ಆಮ್ಲ 22.40 ಘನ ಸೆಂಟಿಮೀಟರ್ ಬೇಕಾಯಿತು ಎನ್ನಿ. 22.40 ಅನ್ನು ಸಾವಿರದಿಂದ ಭಾಗಿಸಿ 0.100ರಿಂದ ಗುಣಿಸಿದರೆ ಆಮ್ಲ 0.00224 ಮೋಲ್. ಒಂದು ಆಮ್ಲಕ್ಕೆ ಎರಡು ಪ್ರತ್ಯಾಮ್ಲ, ಆದ್ದರಿಂದ ಸೋಡಿಯಂ ಹೈಡ್ರಾಕ್ಸೈಡ್ 0.00448 ಮೋಲ್. 0.0250ರಿಂದ ಭಾಗಿಸಿದರೆ ಸಾರತೆ 0.179. ಎರಡರ ಅನುಪಾತ ಮರೆತವರಿಗೆ ಇದರ ಅರ್ಧ ಬರುತ್ತದೆ, ಅದು ಎಲ್ಲರಿಗೂ ಗೊತ್ತಿರುವ ತಪ್ಪು. ಅಡಗಿರುವುದು ಬೇರೆ. ಸಾವಿರದಿಂದ ಭಾಗಿಸುವುದನ್ನು ಎರಡೂ ಕಡೆ ಮರೆತರೂ ಕೊನೆಗೆ 0.179 ಸರಿಯಾಗಿಯೇ ಬರುತ್ತದೆ, ಯಾಕೆಂದರೆ ಒಂದು ತಪ್ಪು ಇನ್ನೊಂದನ್ನು ತಿಂದುಹಾಕಿರುತ್ತದೆ. ಮಗು ಟಿಕ್ ಹಾಕಿಕೊಂಡು ಮುಂದೆ ಹೋಗುತ್ತದೆ. ಮುಂದಿನ ಪ್ರಶ್ನೆಯಲ್ಲಿ ಆ 25 ಘನ ಸೆಂಟಿಮೀಟರಿನಲ್ಲಿ ಎಷ್ಟು ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್ ಇತ್ತು ಎಂದು ಕೇಳಿದಾಗ 0.179 ಗ್ರಾಂ ಬದಲು 179 ಗ್ರಾಂ ಎಂದು ಬರೆಯುತ್ತದೆ. ಎರಡು ದೊಡ್ಡ ಚಮಚ ನೀರಿಗೂ ಸಾಲದ ಜಾಗದಲ್ಲಿ ಹೆಚ್ಚುಕಡಿಮೆ 180 ಗ್ರಾಂ ಕಾಸ್ಟಿಕ್ ಸೋಡಾ! ಉತ್ತರ ಹೊಂದಿಕೆಯಾದರೂ ಮಧ್ಯದ ಸಾಲುಗಳನ್ನು ನೋಡಬೇಕು ಎನ್ನುವುದು ಇದಕ್ಕೇ.

ಬಯಾಲಜಿಗೆ ಹೆಚ್ಚು ಹೇಳುವುದಿಲ್ಲ. ವರ್ಧನೆಯ ಲೆಕ್ಕ ಒಂದನ್ನು ಪಕ್ಕಾ ಮಾಡಿಕೊಳ್ಳಲಿ: ಚಿತ್ರದಲ್ಲಿ ಕೋಶ 45 ಮಿಲಿಮೀಟರ್, ವರ್ಧನೆ 1,500 ಪಟ್ಟು, ಹಾಗಾದರೆ 45,000 ಮೈಕ್ರೊಮೀಟರ್ ಭಾಗಿಸು 1,500, ಅಂದರೆ 30 ಮೈಕ್ರೊಮೀಟರ್. ಅಳತೆಪಟ್ಟಿಯಲ್ಲಿ ಸೆಂಟಿಮೀಟರ್ ಓದಬೇಡಿ, ಮಿಲಿಮೀಟರ್ ಓದಿ. ಉಳಿದದ್ದು ಮಾತಿನ ಬಿಗಿ. ಆಸ್ಮಾಸಿಸ್ ಬಗ್ಗೆ ಬರೆಯುವಾಗ ‘ನೀರು ಹೆಚ್ಚಿರುವಲ್ಲಿಂದ ಕಡಿಮೆ ಇರುವಲ್ಲಿಗೆ’ ಎಂದರೆ ಎ-ಲೆವೆಲ್‌ನಲ್ಲಿ ಅಂಕವಿಲ್ಲ, ವಾಟರ್ ಪೊಟೆನ್ಷಿಯಲ್ ಎಂಬ ಪದ ಬರಲೇಬೇಕು.

ಸಾಹಿತ್ಯ, ಇತಿಹಾಸ, ಎಕನಾಮಿಕ್ಸ್ ಹಾಳೆಗಳನ್ನು ನಮ್ಮ ಮನೆಗಳಲ್ಲಿ ಹಗುರವಾಗಿ ನೋಡುವ ಚಾಳಿ ಇದೆ. ಅವು ತಿನ್ನುವ ಸಮಯ ಹೆಚ್ಚು. ಇಂಗ್ಲಿಷ್ ಲಿಟರೇಚರ್‌ಗೆ ನಿಗದಿಯಾದ ಕಾದಂಬರಿಯನ್ನೋ ನಾಟಕವನ್ನೋ ಎರಡು ಸಲ ಓದಿ ಮುಗಿಸಿರಬೇಕು. ಮೊದಲ ಸಲ ಪೆನ್ಸಿಲ್ ಹಿಡಿಯದೆ, ಕಥೆಗಾಗಿ. ಎರಡನೇ ಸಲ ಗುರುತು ಹಾಕುತ್ತಾ. ಗುರುತು ಅಂದರೆ ಹಳದಿ ಹೈಲೈಟರ್ ಬಳಿಯುವುದಲ್ಲ. ಅರ್ಧ ಪುಟ ಹಳದಿಯಾದರೆ ಯಾವುದನ್ನೂ ಗುರುತಿಸಿದಂತಾಗಲಿಲ್ಲ. ಗೆರೆ ಎಳೆದಲ್ಲೆಲ್ಲ ಅಂಚಿನಲ್ಲಿ ನಾಲ್ಕು ಪದದ ಕಾರಣ ಬೇಕು. ಕೊಳ್ಳುವಾಗ ಸ್ಕೂಲು ಹೇಳಿದ ಮುದ್ರಣವನ್ನೇ ಕೊಳ್ಳಿ, ಇಲ್ಲದಿದ್ದರೆ ತರಗತಿಯಲ್ಲಿ ಪುಟಸಂಖ್ಯೆ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಕೆಲವು ಬೋರ್ಡುಗಳ ಪೇಪರಿಗೆ ಪುಸ್ತಕ ಒಯ್ಯಬಹುದು, ಆದರೆ ಗೀಚಿಲ್ಲದ ಪ್ರತಿ. ಹೀಗೆ ಗುರುತು ಹಾಕಿದ್ದು ಓದಿಗೆ ಮಾತ್ರ.

ಎಕನಾಮಿಕ್ಸ್ ಹೆಚ್ಚಿನ ಮಕ್ಕಳು ಜಿಸಿಎಸ್‌ಇಯಲ್ಲಿ ಓದಿರುವುದಿಲ್ಲ, ಹಾಗಾಗಿ ಸುದ್ದಿ ಓದಿ ಟಿಪ್ಪಣಿ ಮಾಡಲು ಹೇಳುತ್ತಾರೆ. ಬ್ಯಾಂಕ್ ಆಫ್ ಇಂಗ್ಲೆಂಡಿನ ಒಂಬತ್ತು ಸದಸ್ಯರ ಸಮಿತಿ ವರ್ಷಕ್ಕೆ ಎಂಟು ಸಲ ಬಡ್ಡಿದರ ನಿರ್ಧರಿಸುತ್ತದೆ, ಹಣದುಬ್ಬರವನ್ನು ಶೇ. 2ಕ್ಕೆ ತರುವುದು ಅದರ ಗುರಿ. ರಜೆಯಲ್ಲಿ ಅಂಥ ಒಂದು ನಿರ್ಧಾರ ಬಂದರೆ ಅದನ್ನೇ ಹಿಡಿದುಕೊಂಡರೆ ಒಳ್ಳೆಯ ಟಿಪ್ಪಣಿಯಾಗುತ್ತದೆ: ದಿನಾಂಕ, ಏನು ಬದಲಾಯಿತು, ಯಾರಿಗೆ ಲಾಭ, ಯಾರಿಗೆ ನಷ್ಟ, ಮನೆಸಾಲದ ಕಂತಿಗೆ ಏನಾಯಿತು. ಬೆಲೆ ಏರಿದ್ದರಿಂದ ಬೇಡಿಕೆಯ ರೇಖೆ ಜರುಗಿತು ಎಂದು ಬರೆಯುವುದು ಎಲ್ಲರೂ ಮಾಡುವ ಮೊದಲ ತಪ್ಪು. ಆ ವಸ್ತುವಿನದೇ ಬೆಲೆ ಬದಲಾದರೆ ರೇಖೆಯ ಮೇಲೇ ಚಲನೆ. ಆದಾಯ, ಅಭಿರುಚಿ, ಬದಲಿ ವಸ್ತುವಿನ ಬೆಲೆ ಬದಲಾದರೆ ಮಾತ್ರ ರೇಖೆ ಜರುಗುತ್ತದೆ. ಹಿಸ್ಟರಿ, ಜಿಯಾಗ್ರಫಿ, ಲಿಟರೇಚರ್‌ನಲ್ಲಿ ಶೇ. 20 ಅಂಕ ಕೋರ್ಸ್‌ವರ್ಕಿಗೆ ಇದೆ, ಓದಿದ್ದರ ಮೂಲ ಎಲ್ಲಿಯದು ಎಂದು ಬರೆದಿಟ್ಟುಕೊಳ್ಳುವ ಅಭ್ಯಾಸ ಈಗಲೇ ಆಗಲಿ.

ಊರಿಗೆ ಹೋಗುವವರ ವಿಷಯ. ಜುಲೈ-ಆಗಸ್ಟಿನಲ್ಲಿ ನಾಲ್ಕೈದು ವಾರ ಬೆಂಗಳೂರು, ಮೈಸೂರು ಎಂದು ಹೋಗುವುದು ಇಲ್ಲಿನ ಮನೆಗಳ ವಾಡಿಕೆ. ಅಜ್ಜಿ ಮನೆಯಲ್ಲಿ ದಿನಾ ಓದು ನಡೆಯುತ್ತದೆ ಎಂಬ ಭ್ರಮೆ ಬೇಡ. ಮದುವೆ, ನಾಮಕರಣ, ನೆಂಟರು ಬಿಡುವುದಿಲ್ಲ. ಪ್ರಿಂಟ್ ಮಾಡಿದ ಗಣಿತದ ಹಾಳೆಗಳು ಮತ್ತು ಕೆಮಿಸ್ಟ್ರಿ ಕಾರ್ಡುಗಳನ್ನು ಮಾತ್ರ ಒಯ್ಯಿರಿ, ಉಳಿದದ್ದನ್ನು ಹಿಂದಿರುಗಿದ ಮೇಲೆ ಮಾಡಬಹುದು. ಪೂರ್ವದಿಂದ ಪಶ್ಚಿಮಕ್ಕೆ ಬಂದಾಗ ನಾಲ್ಕೈದು ದಿನ ಬೆಳಗಿನ ಜಾವಕ್ಕೇ ಎಚ್ಚರವಾಗುತ್ತದೆ, ಆ ಹೊತ್ತು ಓದಿಗೆ ಹೇಳಿ ಮಾಡಿಸಿದ್ದು.

ಆದರೆ ಟಿಕೆಟ್ ಮಾಡಿಸುವ ಮೊದಲು ಫಲಿತಾಂಶದ ದಿನ ನೋಡಿಕೊಳ್ಳಿ. ಆಗಸ್ಟಿನ ಎರಡನೇ ಭಾಗದ ಒಂದು ಗುರುವಾರ ಜಿಸಿಎಸ್‌ಇ ಫಲಿತಾಂಶ ಬರುತ್ತದೆ. 2024ರಲ್ಲಿ 22ಕ್ಕೆ, 2025ರಲ್ಲಿ 21ಕ್ಕೆ ಬಂತು. ಬೆಳಿಗ್ಗೆ 8 ಗಂಟೆಗೆ ಇಲ್ಲಿ ಲಕೋಟೆ ಕೊಡುವಾಗ ಭಾರತದಲ್ಲಿ ಮಧ್ಯಾಹ್ನ 12.30. ಬಹಳ ಕಡೆ ಅದೇ ದಿನ ಅಥವಾ ಮಾರನೆಯ ದಿನದಿಂದ ಎನ್‌ರೋಲ್‌ಮೆಂಟ್. ಒಂದು ಗ್ರೇಡ್ ಕಡಿಮೆ ಬಂದಿದ್ದರೆ ಎದುರು ಕೂತು ಮಾತಾಡಿ ಬೇರೆ ವಿಷಯಕ್ಕೆ ಒಪ್ಪಿಸಿಕೊಳ್ಳುವ ಅವಕಾಶ ಆ ಒಂದೆರಡು ದಿನದಲ್ಲೇ ಹೆಚ್ಚು, ತಡವಾದಷ್ಟೂ ಸೀಟು ತುಂಬುತ್ತವೆ. ಬರಲಾಗದಿದ್ದರೆ ಜುಲೈನಲ್ಲೇ ಸ್ಕೂಲಿಗೂ ಸಿಕ್ಸ್ತ್ ಫಾರ್ಮಿಗೂ ಇಮೇಲ್ ಬರೆದು, ನಿಮ್ಮ ಪರವಾಗಿ ಯಾರು ಫಲಿತಾಂಶ ಪಡೆಯುತ್ತಾರೆ, ಎನ್‌ರೋಲ್‌ಮೆಂಟ್ ಯಾವಾಗ ಮಾಡಬಹುದು ಎಂಬುದಕ್ಕೆ ಲಿಖಿತ ಉತ್ತರ ಇಟ್ಟುಕೊಳ್ಳಿ. ಗಣಿತ ಅಥವಾ ಇಂಗ್ಲಿಷ್‌ನಲ್ಲಿ ಪಾಸಿನ ಮಟ್ಟವಾದ ಗ್ರೇಡ್ 4 ಬಾರದಿದ್ದರೆ ಮೂರು ಕೋರ್ಸ್‌ಗಳ ಜೊತೆಗೇ ಆ ವಿಷಯವನ್ನೂ ಮುಂದುವರಿಸಬೇಕಾಗುತ್ತದೆ, ಮತ್ತೆ ಬರೆಯಲು ನವೆಂಬರಿನಲ್ಲಿ ಒಂದು ಅವಕಾಶ ಇದೆ.

ಮರೆತುಹೋಗುವ ಎರಡು ಕಾಗದದ ಕೆಲಸ. ಮಗುವಿಗೆ 16 ತುಂಬಿದ ಮೇಲೆ ಬರುವ ಆಗಸ್ಟ್ 31ಕ್ಕೆ ಸರ್ಕಾರ ಮಕ್ಕಳಿಗಾಗಿ ಕೊಡುವ ಚೈಲ್ಡ್ ಬೆನಿಫಿಟ್ ಹಣ ನಿಲ್ಲುತ್ತದೆ. ಮುಂದೆಯೂ ಓದುತ್ತಿದ್ದಾಳೆ ಎಂದು ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಗೆ ನೀವೇ ತಿಳಿಸಿದರೆ ಮುಂದುವರಿಯುತ್ತದೆ, ಅವರು ಕಳಿಸುವ ಪತ್ರವನ್ನು ಜಾಹೀರಾತು ಅಂದುಕೊಂಡು ಬಿಸಾಡಬೇಡಿ. ಲಂಡನ್ನಿನಲ್ಲಿರುವವರಿಗೆ 11ರಿಂದ 15 ವಯಸ್ಸಿನವರ ಜಿಪ್ ಆಯ್‌ಸ್ಟರ್ ಪ್ರಯಾಣದ ಕಾರ್ಡ್ ತಾನಾಗಿ 16+ ಕಾರ್ಡ್ ಆಗುವುದಿಲ್ಲ, ಹೊಸದಾಗಿ ಅರ್ಜಿ ಹಾಕಬೇಕು. ಸೆಪ್ಟೆಂಬರ್ ಮೊದಲ ವಾರ ಎಲ್ಲರೂ ಒಟ್ಟಿಗೆ ಹಾಕುವುದರಿಂದ ಆಗಸ್ಟ್ ಮುಗಿಯುವ ಮೊದಲೇ ಹಾಕಿದರೆ ಬಸ್ಸಿಗೆ ದುಡ್ಡು ಕೊಡುವುದು ತಪ್ಪುತ್ತದೆ.

ಕೊನೆಯದಾಗಿ, ಹಾಳೆಗಳು ಹೇಳುವ ಒಂದು ಸಂಗತಿಯನ್ನು ಕೇಳಿಸಿಕೊಳ್ಳಲು ಹೆತ್ತವರು ಸಿದ್ಧರಿರಬೇಕು. ಲೆಕ್ಕ ತಪ್ಪಾಗುವುದು ಬೇರೆ, ತಿದ್ದಿಕೊಳ್ಳಲೂ ಮನಸ್ಸಾಗದಿರುವುದು ಬೇರೆ. ಮೂರು ವಾರದಲ್ಲಿ ಕೆಮಿಸ್ಟ್ರಿ ಹಾಳೆಯನ್ನು ಮಗಳು ಒಂದು ಸಲವೂ ತಾನಾಗಿ ತೆಗೆದಿಲ್ಲ, ಜಿಯಾಗ್ರಫಿಯದನ್ನು ಮಾತ್ರ ಕೇಳದೆಯೇ ಮುಗಿಸಿದ್ದಾಳೆ ಎಂದಾದರೆ, ಮೆಡಿಕಲ್ ಆಸೆ ಯಾರದು ಎಂದು ಕೂತು ಮಾತಾಡುವುದಕ್ಕೆ ಆಗಸ್ಟ್ ಒಳ್ಳೆಯ ಸಮಯ. ಎನ್‌ರೋಲ್‌ಮೆಂಟ್ ದಿನ ವಿಷಯ ಬದಲಾಯಿಸಲು ಒಂದು ಫಾರ್ಮ್ ಸಾಕು. ಸೆಪ್ಟೆಂಬರಿನ ಮೊದಲ ಎರಡು ವಾರದಲ್ಲೂ ಸಾಮಾನ್ಯವಾಗಿ ಬಿಡುತ್ತಾರೆ, ಬಿಟ್ಟುಹೋದ ಪಾಠ ಮತ್ತು ಆ ವಿಷಯದ ಸಮ್ಮರ್ ವರ್ಕ್ ಎರಡನ್ನೂ ಆಗ ಕೂಡಿಸಿ ಮಾಡಬೇಕು. ಅಕ್ಟೋಬರ್ ಅರ್ಧಕ್ಕೆ ಬಂದರೆ ಬಹುತೇಕ ಕಡೆ ಬಾಗಿಲು ಮುಚ್ಚಿರುತ್ತದೆ. ಯಾವುದನ್ನು ಬದಲಿಸಬಹುದು ಎಂಬ ಅನುಮಾನ ಇರುವವರು ನಾಲ್ಕನೇ ವಿಷಯದ ಪಿಡಿಎಫ್ ಕೂಡ ಜುಲೈನಲ್ಲೇ ಇಳಿಸಿಟ್ಟುಕೊಳ್ಳಲಿ. ಹೆಚ್ಚಿನ ಸಿಕ್ಸ್ತ್ ಫಾರ್ಮ್‌ಗಳು ಎಲ್ಲ ವಿಷಯದ ಹಾಳೆಗಳನ್ನೂ ಒಂದೇ ಕಡೆ ಹಾಕಿರುತ್ತವೆ.